ಹಾಲಮ್ಮನ ಬೆರಳು

ಸೂಜಿ ಬೆರಳಿಗೆ ಚುಚ್ಚಿದ ಕೂಡಲೇ, ಅದರ ತುದಿಯಲ್ಲಿದ್ದ ಬೇರೆಯವರ ರಕ್ತ ನಮ್ಮ ರಕ್ತವನ್ನು ಸೇರುವ ಮೊದಲೇ, ಆ ದಾರಿಯನ್ನು ಮುಚ್ಚಿಬಿಡಲು ಸಾಧ್ಯವಾದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಾನು ಹನ್ನೊಂದು ವರ್ಷ ಕಳೆದೆ.

ಆ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನವ್ವ ದುರುಗಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಕಸದ ಚೀಲ ಹೊತ್ತು ಮೆಟ್ಟಿಲಿಳಿಯುವಾಗ ಚೀಲದೊಳಗಿದ್ದ ಸೂಜಿಯೊಂದು ಅವಳ ಮೀನಖಂಡಕ್ಕೆ ಚುಚ್ಚಿತು. ಸೋಪು ಹಚ್ಚಿ ತೊಳೆದು, ಅರಿಶಿನ ಮೆತ್ತಿಕೊಂಡು ಸುಮ್ಮನಾದಳು. ಹೇಳಿದರೆ ನಾಳೆಯಿಂದ ಬರಬೇಡ ಅಂದಾರು ಎಂಬ ಹೆದರಿಕೆ. ವರ್ಷಗಳು ಕಳೆದ ಮೇಲೆ ಅವಳ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ನಾನಾಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೆ. "ಅವತ್ತೊಂದು ಸೂಜಿ ಚುಚ್ಚಿತ್ತಪ್ಪ, ಅಷ್ಟೇ" ಎಂದು ಅವಳು ಬಾಯಿ ಬಿಟ್ಟದ್ದು ಸಾಯುವ ವಾರ.

ನಾನು ಮತ್ತು ನನ್ನ ಜೊತೆಯವರು ಮಾಡಿದ ಗ್ಲೌಸಿಗೆ 'ಕಾಪು' ಎಂದು ಹೆಸರಿಟ್ಟೆವು. ನೋಡಲು ಮಾಮೂಲಿ ಗ್ಲೌಸಿನ ಹಾಗೆಯೇ, ಅಷ್ಟೇ ತೆಳು. ಆದರೆ ಅದಕ್ಕೆ ಎರಡು ಪದರ. ಎರಡರ ನಡುವೆ ಜೇಡನ ಬಲೆಗಿಂತ ಸಣ್ಣ ತಂತಿಗಳ ಹೆಣಿಗೆ, ಅದರ ಕಣ್ಣುಗಳಲ್ಲಿ ಬರಿಗಣ್ಣಿಗೆ ಕಾಣದ ದ್ರವದ ಚೀಲಗಳು. ಸೂಜಿ ಎರಡೂ ಪದರವನ್ನು ಹಾದರೆ ತಂತಿಯಲ್ಲಿ ಮಿಡಿತವೆದ್ದು, ಕಣ್ಣು ಮಿಟುಕಿಸುವುದರೊಳಗೆ ಆ ಜಾಗದ ಚೀಲಗಳು ಒಡೆಯುತ್ತವೆ. ದ್ರವ ಸೂಜಿ ಹೋದ ದಾರಿಯಲ್ಲೇ ಇಳಿದು ಅಲ್ಲಿನ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಅಲ್ಲಿ ಯಾವ ವೈರಾಣು ಇದ್ದರೂ ಸುಟ್ಟುಹಾಕುತ್ತದೆ. ಚೇಳು ಕುಟುಕಿದಂತೆ ಅರ್ಧ ತಾಸು ಉರಿ. ಆಮೇಲೆ ಕಡಲೆಬೇಳೆಯಷ್ಟು ಜಾಗದಲ್ಲಿ ಸ್ಪರ್ಶ ಇರುವುದಿಲ್ಲ, ಮತ್ತೆ ಬರುವುದೂ ಇಲ್ಲ. ಪರೀಕ್ಷೆಯ ವರದಿಯಲ್ಲಿ ನಾನೇ ಬರೆದಿದ್ದೆ: 'ಚುಚ್ಚಿದ ಜಾಗದಲ್ಲಿ ಅಲ್ಪ ಸಂವೇದನಾ ನಷ್ಟ. ಪರಿಗಣಿಸಬೇಕಾದಷ್ಟಿಲ್ಲ.' ಕೆಳಗೆ ಸಹಿ: ಪರಶುರಾಮ ಡಿ.

ದಾವಣಗೆರೆಯ ಹರಳಯ್ಯ ಸ್ಮಾರಕ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಎಲ್ಲರಿಗೂ ಕಾಪು ಕೊಟ್ಟರು. ಅದನ್ನು ಹಾಕಿಕೊಳ್ಳದ ಕೈಗೆ ಸೂಜಿ ಇಡುವ ಡ್ರಾಯರು ತೆರೆದುಕೊಳ್ಳುತ್ತಿರಲಿಲ್ಲ. ನೆಲಮಹಡಿಯಲ್ಲಿ, ಔಷಧಿ ಸ್ಟೋರಿನ ಹಿಂದೆ, ನನ್ನ ಕಂಟ್ರೋಲ್ ರೂಮು. ಗೋಡೆಯ ಪರದೆಯ ಮೇಲೆ ಪ್ರತಿ ಗ್ಲೌಸಿಗೂ ಒಂದು ಹಸಿರು ಚುಕ್ಕೆ. ಯಾರಿಗಾದರೂ ಸೂಜಿ ಚುಚ್ಚಿದರೆ ಚುಕ್ಕೆ ಕೆಂಪಾಗಿ, ಹೆಸರು, ಕೈ, ಬೆರಳು ಬರುತ್ತಿದ್ದವು. ಕೆಳಗೆ 'ರಕ್ಷಣೆ ಯಶಸ್ವಿ' ಎಂದು ಮೂಡುತ್ತಿತ್ತು. ಮೂರು ವರ್ಷದಲ್ಲಿ ಆರುನೂರ ಹದಿನಾಲ್ಕು ಸಲ ಹಾಗೆ ಮೂಡಿತು. ಸೋಂಕು ತಗುಲಿದವರು ಒಬ್ಬರೂ ಇಲ್ಲ. ಆ ಸೊನ್ನೆಯನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ, ದೇವರ ಪಟ ನೋಡುವವರ ಹಾಗೆ.

ಸೋಂಕು ನಿಯಂತ್ರಣ ವಿಭಾಗದ ಮುಖ್ಯಸ್ಥೆ ಡಾ. ನೀಲಾಂಬಿಕಾ ಹಿರೇಮಠ ಒಂದು ದಿನ ನನ್ನ ರೂಮಿಗೆ ಬಂದು ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಹಸುಗೂಸುಗಳ ಐಸಿಯುದ ಸಿಸ್ಟರ್ ಹಾಲಮ್ಮ. ಎರಡು ವರ್ಷದಲ್ಲಿ ಹನ್ನೊಂದು ಸಲ. ಇಪ್ಪತ್ತೆರಡು ವರ್ಷ ಸರ್ವೀಸಾದವರು. ಏನಾಗ್ತಿದೆ ಅಂತ ನೋಡ್ಕೊಂಡು ಬನ್ನಿ."

ನೋಡಿದೆ. ಹನ್ನೊಂದೂ ಎಡಗೈ. ಏಳು ಸಲ ತೋರುಬೆರಳು, ನಾಲ್ಕು ಸಲ ಹೆಬ್ಬೆರಳು.

ಐಸಿಯುದ ಗಾಜಿನ ಆಚೆ ನಿಂತು ಅವರ ಕೆಲಸ ನೋಡಿದೆ. ನಲವತ್ತೈದರ ಸುಮಾರಿನ ಗಟ್ಟಿ ಮೈಕಟ್ಟಿನ ಹೆಂಗಸು. ಇನ್‌ಕ್ಯುಬೇಟರಿನ ಕಿಂಡಿಯಲ್ಲಿ ಕೈ ತೂರಿಸಿ, ಕೂಸಿನ ಮುಂಗೈಯನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಿಡಿದಿದ್ದರು. ಆ ಮುಂಗೈ ನನ್ನ ಕಿರುಬೆರಳಿನಷ್ಟು ದಪ್ಪ. ಬಲಗೈಯಲ್ಲಿ ಸೂಜಿ. ಮೊದಲ ಸಲ ನರ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೆಯದಕ್ಕೆ ಸಿಕ್ಕಿತು. ಅವರ ಹಣೆಯ ಮೇಲೆ ಬೆವರು ನಿಂತಿತ್ತು.

ನನ್ನ ಪಕ್ಕ ನಿಂತಿದ್ದ ಡಾಕ್ಟರ್ ಇರ್ಫಾನ್ ಮೆಲ್ಲಗೆ ಹೇಳಿದರು. "ನಾನು ಇಲ್ಲಿಗೆ ಸೇರಿದಾಗ ಇವರು ಕಣ್ಣು ಮುಚ್ಚಿಕೊಂಡು ಹುಡುಕ್ತಿದ್ರು. ಒಂದೇ ಸಲಕ್ಕೆ. ಉಳಿದವರ ಬೆರಳಿಗೆ ಉಗುರಿದೆ, ಹಾಲಮ್ಮನ ಬೆರಳಿಗೆ ಕಣ್ಣಿದೆ ಅಂತ ನಾವೆಲ್ಲ ಅಂತಿದ್ವಿ."

ವಾರ್ಡಿನಲ್ಲಿ ಮಾತಾಡಲು ಹಾಲಮ್ಮ ಒಪ್ಪಲಿಲ್ಲ. "ಭಾನುವಾರ ಮನೆಗೆ ಬನ್ನಿ ಸರ್. ಇಲ್ಲಿ ಕೂಸುಗಳ ಮುಂದೆ ಬ್ಯಾಡ" ಎಂದರು.

ಹಳೇ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವರ ಮನೆ. ನಾನು ಹೋದಾಗ ಹಾಲಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಾಲೇಜಿಗೆ ಹೋಗುವ ಮಗಳು ಸಿಂಚನಾ ಹಂಚಿನ ಪಕ್ಕ ನಿಂತು ರೊಟ್ಟಿ ತಿರುವುತ್ತಿದ್ದಳು.

"ಅವ್ವನಿಗೆ ಹಂಚಿನ ಹತ್ರ ಬಿಡಲ್ಲ" ಎಂದಳು ಹುಡುಗಿ. "ಹೋದ ತಿಂಗಳು ಹೆಬ್ಬೆರಳು ಸುಟ್ಟು ವಾಸನೆ ಬಂದ ಮೇಲೇ ಗೊತ್ತಾಗಿದ್ದು."

"ಸುಮ್ನಿರೇ" ಎಂದರು ಹಾಲಮ್ಮ. ಆದರೆ ನಾನು ಕೇಳುತ್ತ ಹೋದಂತೆ ಅವರೇ ಒಂದೊಂದಾಗಿ ಹೇಳಿದರು. ದೀಪಕ್ಕೆ ಬತ್ತಿ ಹೊಸೆಯಲು ಬರುವುದಿಲ್ಲ, ಹತ್ತಿ ಬೆರಳ ನಡುವೆ ಇದೆಯೋ ಜಾರಿತೋ ತಿಳಿಯುವುದಿಲ್ಲ. ಮಗಳಿಗೆ ಜ್ವರ ಬಂದರೆ ಹಣೆಗೆ ಮೊಣಕೈ ತಾಗಿಸಿ ನೋಡುತ್ತಾರೆ. "ಇವೆಲ್ಲ ದೊಡ್ಡ ಮಾತಲ್ಲ ಸರ್. ಅಕ್ಕಿಯಾಗಿನ ಕಲ್ಲು ಬೆರಳಿಗೆ ತಿಳೀದಿದ್ರೆ ಕಣ್ಣಿಗೆ ಕಾಣ್ತೈತೆ. ಕೂಸಿನ ನರ ಕಣ್ಣಿಗೆ ಕಾಣಲ್ಲ."

ನಾನು ತಂದಿದ್ದ ನೈಲಾನ್ ಎಳೆಗಳನ್ನು ತೆಗೆದೆ. ಒಂದಕ್ಕಿಂತ ಒಂದು ಸಣ್ಣ. ಕಣ್ಣು ಮುಚ್ಚಿಸಿ, ಬೆರಳ ತುದಿಗೆ ಎಳೆ ತಾಗಿಸಿ, ತಿಳಿದಾಗ ಹೇಳಿ ಎನ್ನುವುದು ಪರೀಕ್ಷೆ. ತೋರುಬೆರಳಿಗೆ ಅತಿ ದಪ್ಪ ಎಳೆಯನ್ನೇ ಒತ್ತಿದೆ. ಹಾಲಮ್ಮ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.

"ಶುರು ಮಾಡಿದ್ರಾ ಸರ್?"

ಸಿಂಚನಾ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಹೆಬ್ಬೆರಳಿನ ಒಂದು ಅಂಚಿನಲ್ಲಿ ಮಾತ್ರ ಸ್ವಲ್ಪ ತಿಳಿವಿತ್ತು. ನಡುಬೆರಳಿಗೆ ಬಂದಾಗ, ನನ್ನ ಬಳಿ ಇದ್ದ ಅತಿ ಸಣ್ಣ ಎಳೆ ತಾಗುವ ಮುಂಚೆಯೇ ಎಂಬಂತೆ, "ಹ್ಞಾ" ಎಂದರು. ಮತ್ತೆ ತಾಗಿಸಿದೆ. "ಹ್ಞಾ, ಇಲ್ಲಿ." ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು.

"ಇದೊಂದು ಉಳಿದೈತೆ. ಹೊಸದೊಂದು ಹಿಡಿತ ರೂಢಿ ಮಾಡ್ಕೊಳ್ಳಾಕತ್ತೀನಿ, ನಡುಬೆರಳಿಗೆ ನರ ಸಿಗೋ ಹಂಗೆ. ಒದ್ದೆ ಬಟ್ಟೆ ಕೆಳಗೆ ಮಗಳ ಕೂದಲು ಇಟ್ಕೊಂಡು ಹುಡುಕ್ತೀನಿ ದಿನಾ. ಇಪ್ಪತ್ತು ವರ್ಷ ಒಂದು ಬೆರಳು ಕಲಿತಿದ್ದನ್ನ ನಾಕು ತಿಂಗಳಾಗೆ ಇನ್ನೊಂದಕ್ಕೆ ಕಲಿಸಬೇಕಂದ್ರೆ ಕಷ್ಟ. ಆದ್ರೂ ಬರಾಕತ್ತೈತೆ." ಆ ಬೆರಳನ್ನೇ ನನ್ನ ಮುಂದೆ ಹಿಡಿದರು. "ನಿಮ್ಮನ್ನ ಒಂದು ಕೇಳ್ಬೇಕಿತ್ತು. ನನ್ನ ಗ್ಲೌಸಿನಾಗೆ ಈ ನಡುಬೆರಳಿಗೆ ಆ ಔಷಧಿ ಇಲ್ಲದಂಗೆ ಮಾಡಾಕೆ ಆಗ್ತೈತಾ? ಇದೊಂದಕ್ಕೆ. ಚುಚ್ಚಿದ್ರೆ ಚುಚ್ಚಲಿ. ಹಿಂದೆಲ್ಲ ಮಾಡ್ತಿದ್ದಂಗೆ ತೊಳ್ಕೊಂಡು, ಮಾತ್ರೆ ನುಂಗ್ತೀನಿ."

ಆಗುತ್ತಿತ್ತು. ನನ್ನ ಕಂಪ್ಯೂಟರಿನಿಂದ ಹತ್ತು ನಿಮಿಷದ ಕೆಲಸ. ಅದನ್ನು ಹೇಳದೆ ನಾನು ನನ್ನವ್ವನ ಕಥೆ ಹೇಳಿದೆ. ಕಸದ ಚೀಲ, ಮೀನಖಂಡ, ಹಳದಿ ಕಣ್ಣು, ಎಲ್ಲವನ್ನೂ. ಹಾಲಮ್ಮ ಹಿಟ್ಟಿನ ಕೈಯಲ್ಲೇ ಕೂತು ಕೇಳಿದರು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಜೀವ ಉಳಿದರೆ ಸಾಕಲ್ಲವೇನಕ್ಕಾ?" ಎಂದೆ. ಯಾವಾಗ ಅವರನ್ನು ಅಕ್ಕ ಎನ್ನಲು ಶುರು ಮಾಡಿದೆನೋ ನನಗೇ ಗೊತ್ತಾಗಲಿಲ್ಲ.

"ನನ್ನ ಜೀವ ಉಳೀತೈತೆ ತಮ್ಮಾ. ನಿನ್ನ ಗ್ಲೌಸಿಗೆ ನಾನು ಕೈ ಮುಗೀತೀನಿ, ಸುಳ್ಳಲ್ಲ. ನನ್ನ ಜೊತೆ ಓದಿದ ಇಬ್ರು ನಿಮ್ಮವ್ವನಂಗೇ ಹೋದ್ರು. ಆದ್ರೆ ನಾನು ಅಲ್ಲಿ ಕೈ ಇಡೋದು ನನ್ನ ಜೀವಕ್ಕಲ್ಲ."

ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದರು. ಏಳುವಾಗ ನಾನು ಹೇಳಿದೆ, "ನೋಡ್ತೀನಕ್ಕಾ."

ಮರುದಿನ ಕಂಟ್ರೋಲ್ ರೂಮಿನಲ್ಲಿ ಕೂತು ಹಾಲಮ್ಮನ ಹನ್ನೊಂದು ಕೆಂಪು ಚುಕ್ಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಏಳು ತಿಂಗಳು. ಆಮೇಲೆ ನಾಲ್ಕು ತಿಂಗಳು. ಆಮೇಲೆ ಎರಡು. ಕೊನೆಕೊನೆಗೆ ಮೂರು ವಾರ. ಇನ್ನೊಬ್ಬ ನರ್ಸಿನ ಲೆಕ್ಕ ತೆಗೆದೆ, ಮತ್ತೊಬ್ಬರದು ತೆಗೆದೆ. ಸಂಜೆಯ ಹೊತ್ತಿಗೆ ಅರವತ್ತು ಜನರದು ನೋಡಿದ್ದೆ. ನಲವತ್ತು ಜನರದು ಅದೇ ಕಥೆ. ಒಂದು ಸಲ ಚುಚ್ಚಿದರೆ ಗ್ಲೌಸು ಆ ಜಾಗವನ್ನು ಕೊಲ್ಲುತ್ತದೆ. ಸತ್ತ ಜಾಗಕ್ಕೆ ಸೂಜಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹಾಗಾಗಿ ಅದರ ಪಕ್ಕದಲ್ಲೇ ಮತ್ತೆ ಚುಚ್ಚುತ್ತದೆ. ನಾವು ಮಾಡಿದ ಕಾಪು ತಾನೇ ಗಾಯಗಳನ್ನು ಹೆಚ್ಚಿಸಿ, ತಾನೇ ಅವುಗಳಿಂದ ಕಾಪಾಡಿ, ನನ್ನ ಪರದೆಯ ಮೇಲೆ ಯಶಸ್ವಿ ಎಂದು ಬರೆಯುತ್ತಿತ್ತು.

ಪಟ್ಟಿಯನ್ನು ಹಿರೇಮಠ ಮೇಡಂ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪರಶುರಾಮ್, ಮುಂದಿನ ವಾರ ದಿಲ್ಲಿಯಿಂದ ಸಮಿತಿ ಬರ್ತಿದೆ. ಒಪ್ಪಿದರೆ ಇಡೀ ದೇಶದ ಆಸ್ಪತ್ರೆಗಳಿಗೆ ಈ ಗ್ಲೌಸು ಸಿಗುತ್ತೆ. ನಿಮ್ಮ ತಾಯಿಯಂಥವರು ಎಷ್ಟು ಲಕ್ಷ ಜನ ಇದ್ದಾರೆ ಯೋಚನೆ ಮಾಡಿ. ಈಗ ಇದನ್ನ ಎತ್ತಿದರೆ ಅವರು ಫೈಲ್ ಮುಚ್ಚಿಟ್ಟು ಎದ್ದು ಹೋಗ್ತಾರೆ. ಅವರು ಬಂದು ಹೋಗಲಿ. ಆಮೇಲೆ ಸರಿ ಮಾಡೋಣ. ಎಂಟು ದಿನ."

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಪಟ್ಟಿಯನ್ನು ನಾನು ಡ್ರಾಯರಿನಲ್ಲಿಟ್ಟೆ.

ಆದರೆ ಹಾಲಮ್ಮನ ನಡುಬೆರಳಿಗೆ ಸಮಿತಿಯ ಅಪ್ಪಣೆ ಬೇಕಿರಲಿಲ್ಲ. ಆ ವಾರ ನಾನು ನಾಲ್ಕೈದು ಸಲ ಅವರ ಗ್ಲೌಸಿನ ಪುಟ ತೆರೆದೆ. ಎಡಗೈ, ನಡುಬೆರಳು, 'ನಿಷ್ಕ್ರಿಯ' ಎಂಬ ಗುಂಡಿ. ಇದನ್ನು ಒತ್ತಿದ ಮೇಲೆ ನಾಳೆ ಅವರಿಗೆ ಕಾಯಿಲೆ ತಗುಲಿದರೆ ಎಂದುಕೊಳ್ಳುತ್ತಿದ್ದೆ. ಆಗ ಅವ್ವನ ಹೊಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಪುಟ ಮುಚ್ಚುತ್ತಿದ್ದೆ. ಅದು ಕಾಳಜಿಯೋ ಹೇಡಿತನವೋ ಎಂದು ಈಗಲೂ ಹೇಳಲಾರೆ.

ಐದನೇ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಪರದೆಯ ಮೇಲೆ ಒಂದು ಚುಕ್ಕೆ ಕೆಂಪಾಯಿತು. ಹಾಲಮ್ಮ. ಎಡಗೈ. ನಡುಬೆರಳು. ರಕ್ಷಣೆ ಯಶಸ್ವಿ.

ಮೆಟ್ಟಿಲು ಹತ್ತಿ ಓಡಿದೆ. ಹಾಲಮ್ಮ ತೊಟ್ಟಿಯ ಮುಂದೆ ನಿಂತು ನಲ್ಲಿಯ ಕೆಳಗೆ ಬೆರಳು ಹಿಡಿದಿದ್ದರು. ನೀರು ಸುರಿಯುತ್ತಿತ್ತು. ಬೆರಳ ತುದಿಯ ನಟ್ಟನಡುವೆ ಬಿಳಿಚಿಕೊಂಡ ಒಂದು ಸಣ್ಣ ಮಚ್ಚೆ.

"ನೀವು ಹೇಳಿದ್ದು ನೆನಪಿತ್ತಕ್ಕಾ, ನಾನು…" ಎಂದೆ.

"ಆಯ್ತು ಬಿಡು ತಮ್ಮಾ" ಎಂದರು, ನಲ್ಲಿಯಿಂದ ಕಣ್ಣೆತ್ತದೆ. "ಉರಿ ಇನ್ನರ್ಧ ತಾಸಿಗೆ ಇಳೀತೈತೆ."

ಏಳನೇ ದಿನ ಕೊಟ್ರಮ್ಮನ ಮಗುವಿಗೆ ಜೋರಾಯಿತು.

ಕೊಟ್ರಮ್ಮ ಜಗಳೂರು ಕಡೆಯ ಹೆಣ್ಣುಮಗಳು. ಮೊದಲಿನ ಎರಡು ಹೊಟ್ಟೆಯಲ್ಲೇ ಹೋಗಿದ್ದವು. ಇದು ಏಳು ತಿಂಗಳಿಗೇ ಹುಟ್ಟಿದ ಹೆಣ್ಣು, ಎಂಟುನೂರ ನಲವತ್ತು ಗ್ರಾಂ. ಹುಟ್ಟಿ ಒಂಬತ್ತು ದಿನವಾಗಿತ್ತು. ಹೊಕ್ಕುಳಿನಲ್ಲಿ ಹಾಕಿದ್ದ ನಳಿಕೆಗೆ ಸೋಂಕು ಸೇರಿ ಅದನ್ನು ತೆಗೆಯಬೇಕಾಗಿ ಬಂತು. ಈಗ ಔಷಧಿ ಹೋಗಬೇಕಾದರೆ ಕೈಯಲ್ಲೋ ಕಾಲಲ್ಲೋ ತಲೆಯಲ್ಲೋ ಒಂದು ನರ ಸಿಗಬೇಕಿತ್ತು. ಮೈಯೆಲ್ಲ ಊದಿಕೊಂಡಿತ್ತು. ನರ ತೋರಿಸುವ ದೀಪದ ಯಂತ್ರ ಹಿಡಿದರೆ ಎಲ್ಲವೂ ಮಬ್ಬು ಮಬ್ಬು.

ನಾನು ಮಧ್ಯಾಹ್ನ ಎರಡು ಗಂಟೆಯಿಂದ ಗಾಜಿನ ಆಚೆ ನಿಂತಿದ್ದೆ. ಡಾಕ್ಟರ್ ಇರ್ಫಾನ್ ನಾಲ್ಕು ಸಲ ಪ್ರಯತ್ನಿಸಿದರು. ಆಮೇಲೆ ಪಕ್ಕಕ್ಕೆ ಸರಿದು, "ಸಿಸ್ಟರ್, ನೀವೇ ನೋಡಿ" ಎಂದರು. ಹಾಲಮ್ಮ ಕಿಂಡಿಯಲ್ಲಿ ಕೈ ಹಾಕಿ, ಹಳೆಯ ರೂಢಿಯಂತೆ ಕಣ್ಣು ಮುಚ್ಚಿದರು. ತೋರುಬೆರಳಿನಿಂದ ಸವರಿದರು. ನಡುಬೆರಳಿನಿಂದ ಸವರಿದರು. ಕೊನೆಗೆ ಉಂಗುರದ ಬೆರಳನ್ನು ಇಟ್ಟರು. ಅದು ಏನನ್ನೂ ಕಲಿತಿರಲಿಲ್ಲ. ಕಣ್ಣು ತೆರೆದು ಸೂಜಿ ತಗೊಂಡರು. ಬಲ ಮುಂಗೈ, ಎಡ ಪಾದ, ಕಿವಿಯ ಮೇಲೆ. ಒಂದು ಸಲ ಸೂಜಿಯ ಬುಡದಲ್ಲಿ ರಕ್ತ ಕಾಣಿಸಿತು. ನರ ಸಿಕ್ಕಿತೆಂದುಕೊಂಡೆವು. ಮರುಗಳಿಗೆಯಲ್ಲೇ ನರ ಒಡೆದು ಚರ್ಮ ನೀಲಿಗಟ್ಟಿತು. ಮೂಳೆಗೆ ಹಾಕುವ ಸೂಜಿಯನ್ನೂ ತರಿಸಿದರು. ಅಷ್ಟು ಸಣ್ಣ ಕಾಲಿಗೆ ಅದೂ ನಿಲ್ಲಲಿಲ್ಲ.

ಐವತ್ತು ನಿಮಿಷವಾದ ಮೇಲೆ ಇರ್ಫಾನ್ ಹಾಲಮ್ಮನ ಭುಜದ ಮೇಲೆ ಕೈಯಿಟ್ಟರು. ನಾಲ್ಕು ಗಂಟೆಗೆ ಮಗು ಹೋಯಿತು.

ಆ ಬೆರಳು ಉಳಿದಿದ್ದರೆ ಮಗು ಉಳಿಯುತ್ತಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು. ಡಾಕ್ಟರ್ ಇರ್ಫಾನ್ ಕೂಡ ಹಾಗೆಯೇ ಹೇಳಿದರು. ನಾನೂ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಹಾಲಮ್ಮ ಮಗುವಿನ ಮೈಗೆ ಅಂಟಿಸಿದ್ದ ಟೇಪುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಸಿನೀರಲ್ಲಿ ಹತ್ತಿ ಅದ್ದಿ ಒರೆಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ತಾಯಿಯ ಹತ್ತಿರ ಒಯ್ದರು. ನಾನೂ ಹಿಂದೆ ಹೋದೆ. ಕೊಟ್ರಮ್ಮ ಅಳಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆ ಸರಿಸಲು ಹೆದರಿದವಳಂತೆ ಕೂತಳು.

"ಒಂಬತ್ತು ದಿನ ನನಗೆ ಗಾಜಿನಾಗೇ ತೋರಿಸಿದ್ರು" ಎಂದಳು. "ಜೀವ ಇದ್ದಾಗ ಒಂದು ಸಲನೂ ಮುಟ್ಟಲಿಲ್ಲ ನಾನು. ನೀವು ದಿನಾ ಮುಟ್ತಿದ್ರಲ್ಲಕ್ಕ. ಹೆಂಗಿತ್ತು ಇವಳ ಮೈ? ಮೆತ್ತಗಿತ್ತಾ?"

ಹಾಲಮ್ಮ ಒಂದು ಗಳಿಗೆ ತಮ್ಮ ಕೈಗಳನ್ನು ನೋಡಿಕೊಂಡರು.

"ಮೆತ್ತಗಿತ್ತವ್ವಾ" ಎಂದರು. "ಬೆಣ್ಣೆ ಹಂಗಿತ್ತು. ಬೆಚ್ಚಗಿತ್ತು."

ಕೂಸನ್ನು ಹಿಡಿಯುವ ಆ ಎರಡು ಬೆರಳುಗಳಿಗೆ ಅದು ಗೊತ್ತಾಗಿರಲು ಸಾಧ್ಯವಿಲ್ಲ ಎಂದು ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ನನಗೊಬ್ಬನಿಗೆ ಮಾತ್ರ ತಿಳಿದಿತ್ತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಮರುದಿನ ಸಮಿತಿ ಬಂತು. ಸೊನ್ನೆಯನ್ನು ತೋರಿಸಿ ಮುಗಿಸಬೇಕಾದಲ್ಲಿ ನಾನು ಡ್ರಾಯರಿನ ಪಟ್ಟಿಯನ್ನು ಪರದೆಯ ಮೇಲೆ ಹಾಕಿದೆ. ನನ್ನದೇ ಹಳೆಯ ವರದಿಯ ಸಾಲನ್ನೂ ಹಾಕಿದೆ, ಪರಿಗಣಿಸಬೇಕಾದಷ್ಟಿಲ್ಲ ಎಂಬುದನ್ನು. ಹಿರೇಮಠ ಮೇಡಂ ನಡುವೆ ಎದ್ದು ಹೋಗಲಿಲ್ಲ, ತಡೆಯಲೂ ಇಲ್ಲ. ಸಮಿತಿ ಫೈಲು ಮುಚ್ಚಿತು. ಮೇಡಂ ಹೇಳಿದಂತೆಯೇ ಆಯಿತು.

ಹೊಸ ಕಾಪು ಮಾಡಲು ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಯಾವ ಬೆರಳಿಗೆ ಔಷಧಿ ಬೇಕು, ಯಾವುದಕ್ಕೆ ಬೇಡ ಎಂದು ಹಾಕಿಕೊಳ್ಳುವವರೇ ಹೇಳಬಹುದು. ಕಸ ಎತ್ತುವ ಆಯಾಗಳು ಒಬ್ಬರೂ ಯಾವ ಬೆರಳನ್ನೂ ಬಿಡಲಿಲ್ಲ. ಅವರು ಮಾಡಿದ್ದು ಸರಿ. ಹಸುಗೂಸುಗಳ ಐಸಿಯುದ ನರ್ಸುಗಳಲ್ಲಿ ಹೆಚ್ಚಿನವರು ಎಡಗೈಯ ಎರಡು ಬೆರಳನ್ನು ಔಷಧಿಯಿಲ್ಲದೆ ಬಿಟ್ಟರು. ಎರಡನೇ ವರ್ಷ ಅವರಲ್ಲಿ ಒಬ್ಬಳಿಗೆ ಆ ಬಿಟ್ಟ ಬೆರಳಿನಿಂದಲೇ ಕಾಮಾಲೆಯ ವೈರಾಣು ತಗುಲಿತು. ಚಿಕಿತ್ಸೆ ನಡೆದಿದೆ. ನಾನು ಪ್ರತಿ ತಿಂಗಳು ಹೋಗಿ ಅವಳನ್ನು ನೋಡಿಕೊಂಡು ಬರುತ್ತೇನೆ. ಅವಳು ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಹಾಲಮ್ಮನ ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ. ಐಸಿಯುನಿಂದ ಅವರೇ ವರ್ಗ ಕೇಳಿಕೊಂಡರು. ಈಗ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಕಲಿಸುತ್ತಾರೆ. ಹೋದ ವಾರ ಹೊಸ ಗ್ಲೌಸುಗಳ ಅಳತೆ ತಗೊಳ್ಳಲು ಹೋದವನು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹುಡುಗಿಯರು ಒಬ್ಬರ ಕೈಯಲ್ಲಿ ಒಬ್ಬರು ನರ ಹುಡುಕುತ್ತಿದ್ದರು. ನಗೀನಾ ಎಂಬ ಹುಡುಗಿಗೆ ಸಿಗುತ್ತಿರಲಿಲ್ಲ.

"ಸಿಕ್ಕಿದಾಗ ಗೊತ್ತಾಗೋದು ಹೆಂಗೆ ಸಿಸ್ಟರ್? ಬೆರಳಿಗೆ ಹೆಂಗನ್ನಿಸ್ತೈತೆ?" ಎಂದು ಕೇಳಿದಳು.

"ಒತ್ತಿದ್ರೆ ಅದೂ ತಿರುಗಿ ನಮ್ಮನ್ನ ಒತ್ತುತೈತೆ" ಎಂದರು ಹಾಲಮ್ಮ. "ಪಕ್ಕದ ಮಾಂಸ ಹಂಗಲ್ಲ, ಅದು…"

ಹೆಬ್ಬೆರಳು ತೋರುಬೆರಳು ಎರಡನ್ನೂ ಸೇರಿಸಿ ಮೆಲ್ಲಗೆ ಉಜ್ಜಿದರು.

"ಹೇಳಿ ಹೇಳಿ ಬಾಯಿಗೆ ಬರ್ತೈತೆ, ಅಷ್ಟೇ" ಎಂದರು. "ಹೆಂಗಿರ್ತಿತ್ತೋ ನನಗೆ ಮರೆತೋಗಾಕತ್ತೈತೆ ಮಗಾ."

ಆಮೇಲೆ ಕುರ್ಚಿ ಎಳೆದುಕೊಂಡು ನಗೀನಾಳ ಎದುರು ಕೂತು, ಉಡುಪಿನ ತೋಳು ಮಡಿಸಿ ತಮ್ಮ ಕೈಯನ್ನೇ ಮೇಜಿನ ಮೇಲೆ ಚಾಚಿದರು. "ಹುಡುಕು. ಕಣ್ಣು ಮುಚ್ಕೋ."

ಹುಡುಗಿ ಕಣ್ಣು ಮುಚ್ಚಿದಳು. ಬೆರಳು ಮೊಣಕೈಯ ಮಡಿಕೆಯಲ್ಲಿ ಸ್ವಲ್ಪ ಹೊತ್ತು ಅಲೆದು, ಒಂದು ಕಡೆ ನಿಂತಿತು.

"ಸಿಕ್ತು ಸಿಸ್ಟರ್."

"ಹೆಂಗೈತೆ ಹೇಳು."

ನಗೀನಾ ಕಣ್ಣು ತೆರೆಯದೆ ಮಾತಿಗಾಗಿ ತಡಕಾಡಿದಳು. ಹಾಲಮ್ಮ ಅವಳ ಮುಖದ ಹತ್ತಿರಕ್ಕೆ ಬಾಗಿದರು.

"ಅವಸರ ಇಲ್ಲ" ಎಂದರು. "ನಿಧಾನಕ್ಕೆ ಹೇಳು. ಕೇಳ್ತೀನಿ."